ಅಣ್ಣನನ್ನು ಬಿಟ್ಟು ಓಡಿದ ದೋಣಿ

ಹಡಗಿನ ಕೆಲಸದಿಂದ ನಿವೃತ್ತನಾಗಿ ತರೀಕೆರೆಗೆ ಮರಳಿದ ನನ್ನ ಅಣ್ಣ ಸುಮ್ಮನೆ ಕೂರಲಿಲ್ಲ. ಮಂಗಳೂರಿನಿಂದ ಹಳೆಯ ಹಾಯಿದೋಣಿಯೊಂದನ್ನು ಲಾರಿಯಲ್ಲಿ ತರಿಸಿ, ಅನುಮತಿ ಪಡೆದು, ಲಕ್ಕವಳ್ಳಿಯ ಹಿನ್ನೀರಿಗೆ ಇಳಿಸಿದ. ಅದಕ್ಕೊಂದು ಆಟೋಪೈಲಟ್ ಇತ್ತು. ಗುಂಡಿ ಒತ್ತಿದರೆ ಅದರ ಸರಳು ಚುಕ್ಕಾಣಿಯ ಹಿಡಿಯನ್ನು ನೂಕುತ್ತ ಎಳೆಯುತ್ತ ದೋಣಿಯನ್ನು ಒಂದೇ ದಿಕ್ಕಿಗೆ ಓಡಿಸುತ್ತಿತ್ತು.

“ಇದಕ್ಕೆ ಕಣ್ಣಿಲ್ಲ ಕಣೇ. ನಾವು ನೋಡ್ತಾನೇ ಇರ್ಬೇಕು. ದೋಣಿಗೆ ಕಟ್ಟಿರೋ ಈ ಸೊಂಟದ ಹಗ್ಗ ಬಿಚ್ಚಂಗಿಲ್ಲ,” ಎಂದು ನನಗೆ ಹೇಳಿಕೊಟ್ಟವನು ಅವನೇ.

ಮೇ ತಿಂಗಳ ಒಂದು ಮಧ್ಯಾಹ್ನ ನಾವಿಬ್ಬರೇ ಹೋಗಿದ್ದಾಗ ದೋಣಿಯ ಮುಂದಿನ ಹಾಯಿ ಹಗ್ಗಕ್ಕೆ ಸಿಕ್ಕಿಕೊಂಡಿತು. ಅಣ್ಣ ಆಟೋಪೈಲಟ್ ಯಂತ್ರ ಹಾಕಿ, ಸೊಂಟದ ಹಗ್ಗದ ಕೊಕ್ಕೆ ಕಳಚಿ ಎದ್ದ.

“ಅಣ್ಣಾ, ಹಗ್ಗ!”

“ಎರಡೇ ನಿಮಿಷ, ಬಂದ್ಬಿಟ್ಟೆ ತಡಿ.”

ಹಾಯಿ ಬಿಡಿಸಿ ಅವನು ಹಿಂದಕ್ಕೆ ಬರುತ್ತಿದ್ದಾಗ ಕೆಮ್ಮಣ್ಣುಗುಂಡಿಯ ಕಡೆಯಿಂದ ಗಾಳಿ ತಿರುಗಿ ಹೊಡೆಯಿತು. ಗಾಳಿ ತಿರುಗಿದರೂ ಯಂತ್ರ ದಿಕ್ಕು ಬದಲಿಸಲಿಲ್ಲ. ದೊಡ್ಡ ಹಾಯಿಯ ಬುಡದ ತೊಲೆ ಈ ಪಕ್ಕದಿಂದ ಆ ಪಕ್ಕಕ್ಕೆ ಬೀಸಿ ಬಂದು ಅಣ್ಣನ ಕಿವಿಯ ಮೇಲೆ ಅಪ್ಪಳಿಸಿತು. ತೆಂಗಿನಕಾಯಿ ಒಡೆದಂಥ ಸದ್ದು. ರಕ್ತ ನನ್ನ ಮುಖಕ್ಕೆ ಸಿಡಿಯಿತು. ಅವನು ನೀರಿಗೆ ಬಿದ್ದ.

ದೋಣಿ ಮಾತ್ರ ನಿಲ್ಲಲಿಲ್ಲ. ಲೈಫ್ ಜಾಕೆಟ್ಟಿನಲ್ಲಿ ತೇಲುತ್ತಿದ್ದ ಅಣ್ಣನ ತಲೆ ದೂರ ಸರಿಯುತ್ತಲೇ ಇತ್ತು. ಗಾಬರಿಯಲ್ಲಿ ಯಾವ ಗುಂಡಿ ಒತ್ತಿದೆನೋ, ದೋಣಿ ತುಸು ವಾಲಿ ಇನ್ನೂ ಜೋರಾಗಿ ಓಡಿತು. ಸರಳನ್ನು ಎತ್ತಿ ಬಿಡಿಸಲು ಹೋದರೆ ಅದು ನನ್ನ ಬೆರಳನ್ನೇ ಕಚ್ಚಿ ಉಗುರು ಕಿತ್ತಿತು. ಕಾಲಡಿ ಇದ್ದ ಪುಟ್ಟ ಲಂಗರನ್ನು ಎರಡೂ ಕೈಯಲ್ಲಿ ಎತ್ತಿ ಯಂತ್ರಕ್ಕೆ ಬಡಿದೆ. ಅದು ಒಡೆದು ಚೂರಾದ ಮೇಲೂ ಬಡಿಯುತ್ತಿದ್ದೆ.

ಆಮೇಲೆ ಹಾಯಿಯ ಹಗ್ಗ ಸಡಿಲಬಿಟ್ಟು, ದೋಣಿಯ ಸಣ್ಣ ಎಂಜಿನ್ ಚಾಲೂ ಮಾಡಿ ತಿರುಗಿ ಬಂದೆ. ಅವನ ಹತ್ತಿರ ಎಂಜಿನ್ ಆರಿಸಿ ಬಗ್ಗಿ ಕಾಲರ್ ಹಿಡಿದೆ. ಅರೆಪ್ರಜ್ಞೆಯಲ್ಲಿದ್ದವನು ನನ್ನ ಜಡೆ ಹಿಡಿದು ನೀರಿಗೆ ಎಳೆಯತೊಡಗಿದ. ಕೆನ್ನೆಗೆ ಬಾರಿಸಿದೆ, ಒಂದಲ್ಲ, ಮೂರು ಸಲ. ಹಿಡಿತ ಸಡಿಲಿತು. ಅವನ ಕಂಕುಳಿಗೆ ಹಗ್ಗ ಬಿಗಿದು, ದೋಣಿಯ ಹಿಂಬದಿಯ ಏಣಿಯ ಮೇಲೆ ಹೇಗೋ ಎಳೆದುಕೊಂಡೆ.

ದೋಣಿಯನ್ನು ದಡಕ್ಕೆ ತಂದಾಗ ಅಲ್ಲಿದ್ದ ಜೀಪಿನವರು ನಮ್ಮನ್ನು ಆಸ್ಪತ್ರೆಗೆ ಸಾಗಿಸಿದರು. ದಾರಿಯಲ್ಲಿ ಅಣ್ಣ ಕಣ್ಣು ಬಿಟ್ಟ.

“ಹೊಡ್ದೆ ಅಲ್ವೇನೇ ನನ್ನ?”

“ಇನ್ನೊಂದ್ಸಲ ಹಗ್ಗ ಬಿಚ್ಚು, ಕೊಂದೇ ಬಿಡ್ತೀನಿ,” ಎಂದೆ. ಹಾಗೆಂದು ಅವನ ಕಾಲರನ್ನು ಬಿಗಿಯಾಗಿ ಹಿಡಿದುಕೊಂಡೆ. ಆಸ್ಪತ್ರೆ ಬಂದರೂ ಬಿಡಲಿಲ್ಲ.

ತೊಲೆ ಬಡಿದ ಆ ಕಿವಿ ಅವನಿಗೆ ಈಗ ಕೇಳಿಸುವುದಿಲ್ಲ. ನಾನು ಅವನ ಇನ್ನೊಂದು ಪಕ್ಕದಲ್ಲೇ ಕೂರುತ್ತೇನೆ.