ಲೆಕ್ಕಕ್ಕಿಲ್ಲದ ಹಕ್ಕಿ

ಹಕ್ಕಿ ನೋಡುವವರು ಸಾಧು ಸ್ವಭಾವದವರು ಎಂದು ಯಾರು ಹೇಳಿದರೋ, ಅವರು ನಮ್ಮಿಬ್ಬರನ್ನು ನೋಡಿರಲಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ಯಲಹಂಕ ಕೆರೆಯ ಏರಿಯ ಮೇಲೆ ನಾನೂ ನನ್ನ ಗೆಳೆಯನೂ ಒಂದೇ ಬೈನಾಕ್ಯುಲರ್‌ಗಾಗಿ ಸಣ್ಣ ಮಕ್ಕಳಂತೆ ಕಿತ್ತಾಡುತ್ತಿದ್ದೆವು. ನಾನು ಅಂಚೆ ಕಚೇರಿಯ ಗುಮಾಸ್ತ. ಅವನದು ಹಳೇ ಪೇಟೆಯಲ್ಲಿ ರೇಡಿಯೊ ರಿಪೇರಿ ಅಂಗಡಿ. ಬೈನಾಕ್ಯುಲರನ್ನು ಅವನೇ ಗುಜರಿಯಲ್ಲಿ ಹುಡುಕಿ ತಂದಿದ್ದ. ಅದರ ಒಂದು ಕಡೆಯ ಗಾಜು ಮಸುಕು. ಬೆಳಿಗ್ಗೆ ಆರಕ್ಕೆ ಸೈಕಲ್ ಒರಗಿಸಿ ನಿಂತರೆ ಎಂಟರವರೆಗೆ ಇಬ್ಬರಿಗೂ ಸಂಸಾರದ ನೆನಪಿರುತ್ತಿರಲಿಲ್ಲ. ಅವನ ಹೆಂಡತಿಯನ್ನು ನಾನು ಭಾಭಿ ಎನ್ನುತ್ತಿದ್ದೆ. "ಮನೇಲೇ ಎರಡು ಬಾತುಕೋಳಿ ತಂದು ಕಟ್ಲಾ? ಆಗಾದ್ರೂ ಇರ್ತೀರಾ?" ಎಂದು ಆಕೆ ಗಂಡನನ್ನು ಕೇಳುತ್ತಿದ್ದರು. ನಾವು ನಗುತ್ತಿದ್ದೆವು.

ಬೇಸಿಗೆಯಲ್ಲಿ ನೀರು ಹಿಂದೆ ಸರಿದು ಕೆಸರು ಬಿರಿಯುತ್ತಿತ್ತು. ಉಳಿದ ಗುಂಡಿಗಳ ಸುತ್ತ ಕೊಕ್ಕರೆಗಳು ಮೀನಿಗಾಗಿ ಕಾಯುತ್ತಿದ್ದವು. ಮಳೆ ಬಿದ್ದು ಜೊಂಡು ಎದ್ದಮೇಲೆ ಜಾಲಿಮರದ ತುಂಬ ಗೀಜಗಗಳ ಗಲಾಟೆ. ಚಳಿಗಾಲಕ್ಕೆ ದೂರದೇಶದ ಬಾತುಗಳು. ಮಂಜು ಸರಿದ ದಿನ ಅವುಗಳ ಹಿಂದೆ ಉತ್ತರಕ್ಕೆ ನಂದಿಬೆಟ್ಟ ಕಾಣುತ್ತಿತ್ತು. ಇವೆಲ್ಲ ಇದ್ದರೂ ನಮ್ಮ ಪ್ರಾಣವಿದ್ದದ್ದು ದಸರೆಯ ಆಸುಪಾಸಿಗೆ ಬರುವ ಒಂದು ಸಣ್ಣ ಹಕ್ಕಿಯಲ್ಲಿ. ಅದು ಕುಂಡೆಕುಸ್ಕ. ಹೆಸರು ಕೇಳಿ ನಗಬೇಡಿ. ಬಾಲವನ್ನು ಮೇಲೆ ಕೆಳಗೆ ಕುಣಿಸುತ್ತಲೇ ಓಡಾಡುವ ಹಕ್ಕಿಗೆ ಇನ್ನೇನು ಹೆಸರಿಡಬೇಕು? ಹಿಮಾಲಯದ ಕಡೆಯಿಂದ ಬರುವ ಬಿಳಿಮುಖದ ಕುಂಡೆಕುಸ್ಕವನ್ನು ಆ ವರ್ಷ ಯಾರು ಮೊದಲು ಕಾಣುತ್ತಾರೋ ಅವರು ಗೆದ್ದಂತೆ. ಮುಂದಿನ ದಸರೆಯವರೆಗೆ ಬೈನಾಕ್ಯುಲರ್ ಮೊದಲು ಹಿಡಿಯುವ ಹಕ್ಕು ಅವರದು.

ಒಂದು ವರ್ಷ ಮಳೆಗಾಲದಲ್ಲಿ ಅವನು ಕೋಗಿಲು ರಸ್ತೆಯಲ್ಲಿ ಸೈಕಲ್ಲಿನಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡ. ದಸರೆಯ ಹೊತ್ತಿಗೆ ಮೂಳೆ ಕೂಡಿತ್ತು. ದಿನಾ ನಾಲ್ಕು ಹೆಜ್ಜೆಯಾದರೂ ಇಡಲೇಬೇಕು, ಇಲ್ಲದಿದ್ದರೆ ಕಾಲು ಸೆಟೆದುಹೋಗುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದರು. ಅವನು ಒಮ್ಮೆ ನಿಂತ, ಬಿದ್ದ, ಅಷ್ಟೇ. ಆಮೇಲೆ ಮಂಚ ಬಿಡಲಿಲ್ಲ. ಯಾರು ಹೋದರೂ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದ. ನನಗೆ ಅವನ ಮೇಲೆ ಸಿಟ್ಟು ಬರುತ್ತಿತ್ತು. ಹೊರಗೆ ಬಂದು ಸೈಕಲ್ ಹತ್ತುವಾಗ ಅಳು ಬರುತ್ತಿತ್ತು.

ಒಂದು ಬೆಳಿಗ್ಗೆ ನೋಡುತ್ತೇನೆ, ಏರಿಯ ಮೇಲೆ ಭಾಭಿ ಬರುತ್ತಿದ್ದಾರೆ. ಬುರ್ಖಾದ ಮೇಲೆ ಬೈನಾಕ್ಯುಲರ್ ನೇತಾಡುತ್ತಿದೆ.

"ಅಣ್ಣಾ, ಇವರ ಬದ್ಲು ನಾನು ನೋಡಿದ್ರೆ ನಡೀತದಾ? ಗೆದ್ದೆ ಅಂತ ಗೊತ್ತಾದ್ರೆ ಎದ್ದು ನಿಲ್ತಾರೇನೋ."

ನಡೆಯುತ್ತದೆ ಎಂದೆ. ಅವನು ಏಳುವುದಾದರೆ ಯಾವ ನಿಯಮ ಮುರಿಯಲೂ ನಾನು ತಯಾರಿದ್ದೆ.

ನಾಲ್ಕು ದಿನ ಬಂದು ಬರಿಗೈಯಲ್ಲಿ ಹೋದರು. ಐದನೆಯ ದಿನ ತೂಬಿನ ಹತ್ತಿರ, ಬಟ್ಟೆ ಒಗೆಯುವ ಕಲ್ಲಿನ ಕಡೆ ಕೈ ತೋರಿಸಿ, "ಬಾಲ! ಅಣ್ಣಾ, ಬಾಲ ನೋಡಿ!" ಎಂದು ಕೂಗಿದರು. ನೋಡಿದೆ. ಕಪ್ಪು ತಲೆ, ಕಪ್ಪು ಗಂಟಲು, ಕಣ್ಣಿನ ಮೇಲೆ ಬಿಳಿ ಹುಬ್ಬು. ಅದು ಎಲ್ಲಿಂದಲೂ ಬಂದದ್ದಲ್ಲ. ಹನ್ನೆರಡು ತಿಂಗಳೂ ಇದೇ ಕೆರೆಯಲ್ಲಿರುವ ನಮ್ಮೂರಿನ ಕುಂಡೆಕುಸ್ಕ. ಹೊಸಬರೆಲ್ಲ ಇದನ್ನೇ ನೋಡಿ ಮೋಸಹೋಗುತ್ತಾರೆ. ಮೊದಲ ವರ್ಷ ನಾನೂ ಹೋಗಿದ್ದೆ. ಆದರೆ ಆಕೆಯ ಮುಖ ನೋಡಿ ನಿಜ ಹೇಳಲು ಬಾಯಿ ಬರಲಿಲ್ಲ.

"ಅದೇ ಭಾಭಿ. ನೀವೇ ಗೆದ್ರಿ" ಎಂದುಬಿಟ್ಟೆ.

ಆಕೆ ಮನೆಯವರೆಗೂ ಓಡುವುದೊಂದು ಬಾಕಿ. ನಾನು ಸೈಕಲ್ ತಳ್ಳಿಕೊಂಡು ಹಿಂದೆ ಹೋದೆ. ಸುದ್ದಿ ಕೇಳಿದವನೇ ಅವನು ಗೋಡೆಯಿಂದ ಈಚೆ ಹೊರಳಿದ. ಎಷ್ಟೋ ದಿನದ ಮೇಲೆ ಅವನ ಕಣ್ಣಲ್ಲಿ ಕಳೆ ಕಂಡಿತು.

"ಗಂಟಲು ಯಾವ ಬಣ್ಣ?"

"ಕಪ್ಪು."

"ಹುಬ್ಬು?"

"ಬಿಳೀದು. ಸುಣ್ಣದಲ್ಲಿ ಬರ್ದಂಗಿತ್ತು."

ಆಕೆ ಕಂಡದ್ದನ್ನು ಕಂಡಂತೆಯೇ ಹೇಳಿದರು. ಅವನು ನನ್ನನ್ನು ನೋಡಿದ. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

"ಯಾಕ್ ಗುರು, ನಿಂಗೆ ಗೊತ್ತಾಗ್ಲಿಲ್ವಾ? ಇದು ಯಾವಾಗ್ಲೂ ಇಲ್ಲೇ ಇರೋದು. ಲೆಕ್ಕಕ್ಕಿಲ್ಲ" ಎಂದು ಮತ್ತೆ ಗೋಡೆ ಕಡೆ ತಿರುಗಿಕೊಂಡ.

ಗಂಡ ಹೆಂಡತಿ ಜಗಳಕ್ಕೆ ನಿಂತರೆ ಅವರ ಮಾತು ತಾನಾಗಿ ಉರ್ದುವಿಗೆ ಹೊರಳುತ್ತಿತ್ತು. ಅಂದು ಮಾತ್ರ ಭಾಭಿ ಕನ್ನಡದಲ್ಲೇ ಕೇಳಿದರು, ನನಗೂ ತಿಳಿಯಲಿ ಎಂದೇ ಇರಬೇಕು.

"ಯಾವಾಗ್ಲೂ ಇಲ್ಲೇ ಇರೋದಕ್ಕೆ ನಿಮ್ಮತ್ರ ಲೆಕ್ಕ ಇಲ್ವಾ? ಬಂದು ಹೋಗೋದಕ್ಕೆ ಮಾತ್ರ ಬೆಳಗಾಗೆದ್ದು ಓಡ್ತೀರಾ?"

ಬೈನಾಕ್ಯುಲರನ್ನು ಮಂಚದ ಮೇಲಿಟ್ಟು ಅಡುಗೆಮನೆಗೆ ಹೋದರು. ನನಗೆ ನನ್ನ ಮನೆ ನೆನಪಾಯಿತು. ಎಷ್ಟೋ ವರ್ಷಗಳಿಂದ ಅಲ್ಲಿಯ ಬೆಳಗುಗಳನ್ನು ನಾನು ನೋಡಿಯೇ ಇಲ್ಲ ಎಂದು ನಾಚಿಕೆಯಾಯಿತು.

ಅವನು ಗೋಡೆಯಿಂದ ಈಚೆ ಹೊರಳಿ "ಕೈ ಕೊಡು" ಎಂದ. ಎಬ್ಬಿಸಿ ನನ್ನ ಹೆಗಲು ಕೊಟ್ಟೆ. ಮಂಚದಿಂದ ಅಡುಗೆಮನೆಯ ಬಾಗಿಲಿಗೆ ಎಂಟು ಹೆಜ್ಜೆ. ಒಂದೊಂದಕ್ಕೂ ಹಲ್ಲು ಕಚ್ಚಿದ. ಮೈಯೆಲ್ಲ ಬೆವರಿತು. ಬಾಗಿಲ ಚೌಕಟ್ಟು ಹಿಡಿದು ನಿಂತು ಕೇಳಿದ:

"ಹಾಡ್ತಿತ್ತಾ ಅದು?"

ಆಕೆ ಒಲೆಯ ಕಡೆಯಿಂದ ತಿರುಗಲಿಲ್ಲ. "ಹಾಡ್ತಿತ್ತು. ನಾನು ಅಲ್ಲಿರೋ ತನಕ ನಿಲ್ಲಿಸ್ಲೇ ಇಲ್ಲ."

"ನಾನು ಯಾವತ್ತೂ ನಿಂತು ಕೇಳಿಲ್ಲ" ಎಂದ. ಆಮೇಲೆ "ನಂಗೆ ತೋರಿಸ್ತೀಯಾ?" ಎಂದ.

ಆಗ ಆಕೆ ತಿರುಗಿದರು. ಅವನು ಮಂಚದಲ್ಲಿಲ್ಲ, ಬಾಗಿಲಲ್ಲಿ ನಿಂತಿದ್ದಾನೆ ಎಂಬುದು ಆಗಲೇ ಆಕೆಗೆ ಕಂಡದ್ದು.

"ತೋರಿಸ್ತೀನಿ. ಮೊದ್ಲು ಕೂತ್ಕೊಳ್ಳಿ, ಬಿದ್ದೀರ" ಎನ್ನುತ್ತ ಓಡಿ ಬಂದು ಅವನ ಸೊಂಟ ಹಿಡಿದರು.