ಮಹಾನಂದ ಮಿಸ್ ಅವರ ಕವಡೆ ತರಗತಿ

ಚಾಮರಾಜಪೇಟೆಯ ಅನುದಾನಿತ ಪ್ರೌಢಶಾಲೆಯೊಂದರ ಜಗಲಿ. ಇನ್ನೂ ಸರಿಯಾಗಿ ಬೆಳಕಾಗಿಲ್ಲ. ಗಣಿತದ ಶಿಕ್ಷಕಿ ಮಹಾನಂದ ಮಂಡಿಯೂರಿ ಕೂತು ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆಯುತ್ತಿದ್ದಾರೆ. ನಿನ್ನೆ ಬರೆದದ್ದನ್ನು ಯಾರೋ ನೀರು ಹಾಕಿ ತೊಳೆದಿದ್ದಾರೆ. ಮೊನ್ನೆಯದನ್ನೂ. “ಪೇಂಟಲ್ಲಿ ಬರೀತೀನಿ ಅಂದ್ರೆ ಜಗಲಿ ಹಾಳಾಗತ್ತಂತೆ,” ಎನ್ನುತ್ತಾರೆ, ತಲೆ ಎತ್ತದೆ.

ಕಾಟನ್‌ಪೇಟೆ, ಮಾಮೂಲ್‌ಪೇಟೆ ಕಡೆಯ ಹತ್ತನೇ ತರಗತಿ ಮಕ್ಕಳು ಒಬ್ಬೊಬ್ಬರಾಗಿ ಬಂದು ಸುತ್ತ ಕೂರುತ್ತಾರೆ. ಗಣಿತದಲ್ಲಿ ಹಿಂದುಳಿದವರಿಗಾಗಿಯೇ ಈ ತರಗತಿ. ಕವಡೆ ಎಸೆಯುವ ಮುಂಚೆ ಎಷ್ಟು ಬೀಳಬಹುದೆಂದು ಹೇಳಬೇಕು. ಬಿದ್ದದ್ದಕ್ಕೆ ನೆಲದ ಮೇಲೆ ಗೀಟು ಹಾಕಬೇಕು. ಎರಡು ಯಾಕೆ ಪದೇ ಪದೇ ಬೀಳುತ್ತದೆ, ನಾಲ್ಕೂ ಕವಡೆ ಬೋರಲಾದಾಗ ಸಿಗುವ ಎಂಟು ಯಾಕೆ ಅಪರೂಪ ಎಂಬ ಜಗಳದಲ್ಲೇ ಸಂಭವನೀಯತೆಯ ಪಾಠ ನಡೆಯುತ್ತದೆ. ಜಗಳ ಅತಿಯಾದರೆ ಮಿಸ್ ಕವಡೆ ಕಸಿದುಕೊಳ್ಳುತ್ತಾರೆ.

ಅವೆನ್ಯೂ ರಸ್ತೆಯಲ್ಲಿರುವ ಮನೆತನದ ಅಂಗಡಿ ಬಿಟ್ಟು ಮಹಾನಂದ ಪಾಠ ಹೇಳಲು ಹೋದದ್ದಕ್ಕೇ ಅವರ ಅಣ್ಣ ಈಶ್ವರ್‌ಗೆ ಬೇಸರವಿತ್ತು. ಈಗ ತಂಗಿ ನೆಲದಲ್ಲಿ ಕೂತು ಕವಡೆ ಆಡುತ್ತಾಳೆಂದು ಗೊಣಗುತ್ತಾರಂತೆ. ಪೋಷಕರ ದೂರು ಬೇರೆ. ಕೊನೆಗೆ ಮುಖ್ಯೋಪಾಧ್ಯಾಯ ಬದರೀನಾರಾಯಣ ಷರತ್ತು ಹಾಕಿದರು: ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಈ ಮಕ್ಕಳು ಸಂಭವನೀಯತೆಯ ಪ್ರಶ್ನೆಗೆ ಸರಿಯುತ್ತರ ಬರೆದರೆ ಆಟ ಉಳಿಯುತ್ತದೆ, ಇಲ್ಲವಾದರೆ ನಿಲ್ಲುತ್ತದೆ.

ಪರೀಕ್ಷೆ ಕಳೆದ ವಾರ ನಡೆಯಿತು. ನಾಣ್ಯ ಚಿಮ್ಮಿದರೆ ಶಿರ ಬೀಳುವ ಸಂಭವನೀಯತೆ ಎಷ್ಟು? ಎರಡರಲ್ಲಿ ಒಂದು ಎಂದು ಬರೆದಿದ್ದರೆ ಸಾಕಿತ್ತು. ಬೆಳಗಿನ ತಂಡದ ಹೆಚ್ಚಿನವರು ಬರೆಯಲಿಲ್ಲ.

“ಎಸೆದು ನೋಡ್ದೆ ಹೆಂಗೆ ಹೇಳೋದು ಮಿಸ್?” ಎನ್ನುತ್ತಾಳೆ ಅವರಲ್ಲೊಬ್ಬಳಾದ ರಕ್ಷಿತಾ. “ಕವಡೆ ಎರಡೂ ಕಡೆ ಒಂದೇ ಥರ ಬೀಳಲ್ವಲ್ಲ.”

“ಅದು ಕವಡೆ ಕಣೇ. ಅವರು ಕೇಳಿದ್ದು ನಾಣ್ಯ.”

“ಯಾರೋ ಹೇಳಿದ್ರು ಅಂತ ನಂಬಬೇಡಿ ಅಂದಿದ್ದು ನೀವೇ ಅಲ್ವಾ?”

ಮಿಸ್ ಹಣೆ ಒತ್ತಿಕೊಳ್ಳುತ್ತಾರೆ. ಸೋಮವಾರದಿಂದ ಆಟವಿಲ್ಲ, ಇವತ್ತಿನದೇ ಕೊನೆಯದು. ಮುಖ್ಯೋಪಾಧ್ಯಾಯರ ಮೇಲೆ ಅವರಿಗೆ ಸಿಟ್ಟಿಲ್ಲ. ಕವಡೆಯ ಜೊತೆ ಒಂದು ದಿನವಾದರೂ ನಾಣ್ಯ ಆಡಿಸದ ತಮ್ಮ ಮೇಲೆಯೇ ಸಿಟ್ಟು.

ಗಂಟೆ ಹೊಡೆದು ಮಕ್ಕಳು ಒಳಗೆ ಹೋದ ಮೇಲೆ ಅವರು ಸೀರೆಯ ಸುಣ್ಣ ಕೊಡವಿಕೊಳ್ಳುತ್ತಾರೆ.

“ಹೋದ ವರ್ಷ ಈ ರಕ್ಷಿತಾ ಲೆಕ್ಕದ ಪೇಪರ್ ಖಾಲಿ ಕೊಟ್ಟು ಎದ್ದೋಗ್ತಿದ್ಲು. ಈ ಸಲ ನಾಣ್ಯದ ಪ್ರಶ್ನೆಗೆ ಅರ್ಧ ಪುಟ ವಾದ ಮಾಡಿದಾಳೆ. ಸೊನ್ನೆ ಹಾಕ್ದೆ, ಇನ್ನೇನ್ ಮಾಡ್ಲಿ? ಆದ್ರೆ ಲೆಕ್ಕದ ಜೊತೆ ಜಗಳ ಆಡೋಕೆ ಕಲಿಸಿದೋಳು ನಾನೇ.”