ಶಾಂತಕ್ಕನ ವ್ಯಾನಿಗೆ ಸೋಲಾರ್

"ನಿಮಗ ಅಂಜಿಕಿ ಆದ್ರ ಡ್ರಿಲ್ ಇಲ್ಲಿ ಕೊಡ್ರಿ, ನಾನೇ ತೂತು ಹಾಕ್ತೇನಿ," ಎಂದು ಶಾಂತಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ವ್ಯಾನಿಗೆ ಒರಗಿಸಿದ್ದ ಏಣಿ ಹತ್ತಿದರು.

ಮೇಲವಂಕಿಯ ಈ ನಿವೃತ್ತ ಶಿಕ್ಷಕಿ ಗೋಕಾಕದ ನನ್ನ ಸೋಲಾರ್ ಅಂಗಡಿಗೆ ಹಳೆಯ ವ್ಯಾನೊಂದನ್ನು ತಾವೇ ಓಡಿಸಿಕೊಂಡು ಬಂದಿದ್ದರು. ಒಳಗೆ ಸ್ಟೋವ್, ನೀರಿನ ಡ್ರಮ್ಮು, ಮಂಚದ ಮೇಲೆ ಉಬ್ಬಸದ ಗಂಡ. ದಾರಿಯಲ್ಲಿ ಎಲ್ಲಿ ನಿಂತರೂ ಅವರಿಗೆ ಔಷಧಿಯ ಹಬೆ ಕೊಡುವ ಮಷಿನ್ ನಡೆಯಬೇಕಿತ್ತು.

ಜೊತೆಗಿದ್ದ ಮೈದುನ, ಅಣ್ಣನ ಇಂಥ ಸ್ಥಿತಿಯಲ್ಲಿ ಮನೆ ಬಿಟ್ಟರೆ ಜನ ಏನೆಂದಾರು ಎಂದು ಒಂದೇ ಸಮನೆ ಗೊಣಗುತ್ತಿದ್ದರು. ಚಾವಣಿಗೆ ತೂತು ಹಾಕಿದರೆ ಮಳೆಗಾಲದಲ್ಲಿ ಸೋರುತ್ತದೆ ಎಂದು ನಾನೂ ದನಿಗೂಡಿಸಿದ್ದೆ.

"ಮಂದಿ ಏನಂತಾರಂತ ಇಷ್ಟು ವರ್ಷ ಎಲ್ಲೂ ಹೋಗ್ಲಿಲ್ರಿ. ಇವರು ಇನ್ನೂ ಸಮುದ್ರ ನೋಡಿಲ್ಲ. ತೋರಿಸೇ ತೀರ್ತೇನಿ!"

ಡ್ರಿಲ್ ಗುಂಯ್ಗುಟ್ಟಿತು. ಮೊದಲ ತೂತು ಅವರೇ ಕೊರೆದರು. ನಾಚಿಕೆಯಾಗಿ ನಾನೂ ಮೇಲೆ ಹತ್ತಿದೆ. ಪ್ಯಾನೆಲ್ ಬಿಗಿದು, ತೂತಿನ ಸುತ್ತ ಗಮ್ ತುಂಬಿ, ಬ್ಯಾಟರಿಗೆ ವೈರ್ ಎಳೆದೆ. ಮಷಿನ್ ಶುರುವಾದಾಗ ಗಂಡ ಮಾಸ್ಕ್ ಸರಿಸಿ, ತಮ್ಮನನ್ನು ನೋಡಿ ನಕ್ಕರು. ಶಾಂತಕ್ಕ ವ್ಯಾನನ್ನು ಸಂಕೇಶ್ವರದ ರಸ್ತೆಗೆ ತಿರುಗಿಸಿದರು. ಹದಿನೈದು ದಿನಗಳಲ್ಲಿ ಕೊಂಕಣ ಕರಾವಳಿಯ ಮಾಲವಣದಿಂದ ಕಾರ್ಡು ಬಂತು: ಸಮುದ್ರ ನೋಡಿದೆವು, ವ್ಯಾನ್ ಸೋರಿಲ್ಲ.

ಅಂದಿನಿಂದ ಗಿರಾಕಿಗಳನ್ನು "ಯಾಕೆ ಬೇಕು" ಎಂದು ಕೇಳುವುದನ್ನು ಬಿಟ್ಟಿದ್ದೇನೆ. ಎಷ್ಟು ವ್ಯಾಟ್ ಬೇಕು ಎಂದಷ್ಟೇ ಕೇಳುತ್ತೇನೆ.